ರಿಕ್ಟರ್ ಎಷ್ಟಂತೆ?

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೆಲ ನಡುಗಿದ ಸುದ್ದಿ ಮುಟ್ಟಿದರೆ ಸಾಕು, ಊರಿನಿಂದ ಅಮ್ಮನ ಫೋನು: "ರಿಕ್ಟರ್ ಎಷ್ಟಂತೋ?" ನಮ್ಮ ಪತ್ರಿಕೆಗಳೂ "ರಿಕ್ಟರ್ ಮಾಪಕದಲ್ಲಿ ಇಷ್ಟು ತೀವ್ರತೆ" ಎಂದೇ ಬರೆಯುತ್ತವೆ. ಇದು ತಪ್ಪು. ಪರಿಮಾಣವೆಂದರೆ ಹೊರಬಿದ್ದ ಶಕ್ತಿಯ ಅಳತೆ. ಒಂದು ಭೂಕಂಪಕ್ಕೆ ಅದು ಒಂದೇ. ತೀವ್ರತೆ ನಾವು ನಿಂತ ಜಾಗದ ಅಲುಗಾಟ; ಊರಿಂದೂರಿಗೆ ಬೇರೆ.

1989ರ ಅಕ್ಟೋಬರ್ 17ರಂದು ಪರಿಮಾಣ 6.9. ಕೇಂದ್ರ ಸಾಂತಾಕ್ರೂಜ್ ಬೆಟ್ಟಗಳಲ್ಲಿ. ಆದರೆ 50 ಮೈಲಿಗೂ ದೂರದ ಓಕ್ಲೆಂಡಿನಲ್ಲಿ, ಮೆತ್ತನೆಯ ಕೆಸರುನೆಲದ ಮೇಲಿದ್ದ ಎರಡಂತಸ್ತಿನ ಹೆದ್ದಾರಿ ಕುಸಿದು 42 ಮಂದಿ ಸತ್ತರು. ಗಟ್ಟಿಬಂಡೆಯ ಮೇಲಿದ್ದವರಿಗೆ ಅಷ್ಟು ಅಲುಗಾಟವಿರಲಿಲ್ಲ. 1993ರ ಲಾತೂರಿನದು ಬರೀ 6.2, ಕಲ್ಲುಮಣ್ಣಿನ ಮನೆಗಳಡಿ ಸತ್ತವರು ಹತ್ತಿರ ಹತ್ತಿರ 10 ಸಾವಿರ!

ಸಂಘದ ಕನ್ನಡ ತರಗತಿಯಲ್ಲಿ ಈ ಎರಡು ಪದಗಳನ್ನಾದರೂ ಮಕ್ಕಳಿಗೆ ಬೇರೆಬೇರೆಯಾಗಿ ಕಲಿಸೋಣ. ಅಮ್ಮನಿಗೆ ನಾನೇ ಹೇಳುತ್ತೇನೆ.