ಒಂದು ಫ್ಲಾಸ್ಕ್ ಬಿಸಿನೀರು ಇಡೋಕೆ ಏನು ಧಾಡಿ?

"ಈ ವಯಸ್ಸಲ್ಲಿ ಸಮುದ್ರಕ್ಕೆ ಯಾಕ್ರೀ ಧುಮುಕೋಕೆ ಹೋದ್ರಿ?" ಮೂರು ತಿಂಗಳಿಂದ ನಮ್ಮ ಬ್ಯಾಂಕಿನಲ್ಲಿ, ಕನ್ನಡ ಸಂಘದಲ್ಲಿ, ಡೊಂಬಿವಲಿಯ ಲೋಕಲ್ ರೈಲಿನಲ್ಲಿ ಎಲ್ಲರೂ ನನ್ನನ್ನು ಕೇಳುತ್ತಿರುವ ಪ್ರಶ್ನೆ ಇದೊಂದೇ. ಕುಂದಾಪುರದಿಂದ ತಂಗಿಯೂ ಫೋನ್ ಮಾಡಿ "ಇದೆಲ್ಲ ಎಂತಕ್ ಬೇಕಿತ್ ಅಣ್ಣಾ?" ಅಂದಳು. ಸ್ವಾಮೀ, ದುಡ್ಡು ಕೊಟ್ಟು, ಕಾಗದಕ್ಕೆ ಸಹಿ ಹಾಕಿ, ಜೊತೆಗೊಬ್ಬ ಕಲಿಸುವವನನ್ನು ಇಟ್ಟುಕೊಂಡು ನೀರಿಗಿಳಿದದ್ದು ಅಪರಾಧವಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ. ದಿನಕ್ಕೆ ನೂರಾರು ಜನರನ್ನು ನೀರಿಗಿಳಿಸುವ ದೋಣಿಯಲ್ಲಿ ಒಂದು ಫ್ಲಾಸ್ಕ್ ಬಿಸಿನೀರು ಯಾಕಿಲ್ಲ?

ವಿಷಯ ಇಷ್ಟು. ಡಿಸೆಂಬರ್ ರಜೆಗೆ ಮಾಲ್ವಣಕ್ಕೆ ಹೋಗಿದ್ದೆವು. ಈಗ ಮುಂಬಯಿ, ಪುಣೆಯ ಅರ್ಧ ಜನ ಅಲ್ಲಿ ಸ್ಕೂಬಾ ಮಾಡಿದವರೇ. ಕೆಳಗೆ ವೀಡಿಯೋ ತೆಗೆಯುವಾಗ ಜೊತೆಗಿದ್ದ ಹುಡುಗ ಬಂಡೆ ಹಿಡಿದುಕೊಳ್ಳಿ ಎಂದು ಕೈಸನ್ನೆ ಮಾಡಿದ. ಹಿಡಿದುಕೊಂಡೆ. ಬಂಡೆಯ ಮೇಲೆ ಬಂಡೆಯ ಬಣ್ಣದಲ್ಲೇ ಒಂದು ಸ್ಕಾರ್ಪಿಯನ್‌ಫಿಶ್ ಕೂತಿತ್ತು. ಬಲಗೈ ತೋರುಬೆರಳಿಗೆ ಚುಚ್ಚಿತು. ಆ ನೋವನ್ನು ವರ್ಣಿಸುವ ಶಕ್ತಿ ಬಿಕಾಂ ಓದಿದ ನನಗಿಲ್ಲ. ಬಾಗಿಲ ಸಂದಿಗೆ ಬೆರಳಿಟ್ಟು ಯಾರೋ ಬಾಗಿಲು ಹಾಕಿ, ತೆಗೆಯದೇ ಒತ್ತುತ್ತಲೇ ಇದ್ದಾರೆ ಅಂದುಕೊಳ್ಳಿ.

ದೋಣಿಯ ಮೇಲೆ ನಡೆದದ್ದು ನೋಡಿ. ಒಬ್ಬ ಐಸ್ ಒತ್ತಿದ. ಇನ್ನೊಬ್ಬ ಮಣಿಕಟ್ಟಿಗೆ ಹಗ್ಗ ಬಿಗಿದ. ಮತ್ತೊಬ್ಬ ನಿಂಬೆಹಣ್ಣು ಹುಡುಕಿದ. ಪಾಪ, ಎಲ್ಲರೂ ಒಳ್ಳೆಯ ಹುಡುಗರೇ, ಆದರೆ ಒಬ್ಬನಿಗೂ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ದಡದಲ್ಲಿ ಚಹಾ ಮಾರುತ್ತಿದ್ದ ಮೀನುಗಾರರ ಮನೆಯ ಆಜಿಯೊಬ್ಬರು ಹಗ್ಗ ಬಿಚ್ಚಿಸಿ, ಪಾತೇಲಿಯ ಬಿಸಿನೀರಿಗೆ ತಣ್ಣೀರು ಬೆರೆಸಿ, ತಮ್ಮ ಕೈಯಿಟ್ಟು ನೋಡಿ, ಆಮೇಲೆ ನನ್ನ ಕೈ ಅದ್ದಿಸಿದರು. ಅರ್ಧ ಗಂಟೆಯಲ್ಲಿ ನಾನು ಮತ್ತೆ ಮನುಷ್ಯನಾದೆ.

ಇದು ಅಜ್ಜಿ ಮದ್ದಲ್ಲ ಸ್ವಾಮೀ, ವೈದ್ಯ ಪುಸ್ತಕದಲ್ಲೇ ಇರುವ ಚಿಕಿತ್ಸೆ. ಸ್ಕಾರ್ಪಿಯನ್‌ಫಿಶ್, ಲಯನ್‌ಫಿಶ್, ಸ್ಟೋನ್‌ಫಿಶ್, ನಮ್ಮ ಕರಾವಳಿಯ ತೊರಕೆ, ಇವುಗಳ ವಿಷದಲ್ಲಿರುವುದು ಪ್ರೋಟೀನು. ಶಾಖಕ್ಕೆ ಅದು ಕೆಡುತ್ತದೆ. ಹಾಗಾಗಿ ಸುಮಾರು 45 ಡಿಗ್ರಿ ಮೀರದ, ಸಹಿಸಬಹುದಾದಷ್ಟು ಬಿಸಿಯ ನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಡಬೇಕು. ಬಿಸಿಯನ್ನು ಚುಚ್ಚಿಸಿಕೊಳ್ಳದ ಕೈಯಿಂದಲೋ ಬೇರೆಯವರ ಕೈಯಿಂದಲೋ ನೋಡಬೇಕು, ಯಾಕೆಂದರೆ ನೋವಿನಲ್ಲಿರುವ ಕೈಗೆ ಸುಟ್ಟದ್ದೂ ತಿಳಿಯುವುದಿಲ್ಲ. ಐಸಿನಿಂದ ವಿಷ ಕೆಡುವುದಿಲ್ಲ. ಹಗ್ಗ ಬಿಗಿದರೆ ರಕ್ತ ನಿಂತು ಬೆರಳಿಗೇ ಕುತ್ತು. ನಮ್ಮ ಆಸ್ಪತ್ರೆಗಳಲ್ಲಿರುವ ಹಾವಿನ ಪ್ರತಿವಿಷ ನಾಗರ, ಕಟ್ಟಿಗೆ ಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕಕ್ಕೆ ಮಾತ್ರ. ಮೀನಿಗೆ ಅದರಿಂದ ಪ್ರಯೋಜನವಿಲ್ಲ. ಸ್ಟೋನ್‌ಫಿಶ್ ವಿಷಕ್ಕೆ ಆಸ್ಟ್ರೇಲಿಯಾದವರು 1959ರಲ್ಲೇ ಪ್ರತಿವಿಷ ತಯಾರಿಸಿದರು. ನಾವಿನ್ನೂ ನಿಂಬೆಹಣ್ಣು ಹುಡುಕುತ್ತಿದ್ದೇವೆ.

ಎಲ್ಲದಕ್ಕೂ ಬಿಸಿನೀರೇ ಸಾಕು ಅಂತಲೂ ನಾನು ಹೇಳುತ್ತಿಲ್ಲ. 2006ರ ಸೆಪ್ಟೆಂಬರ್ 4ರಂದು ಸ್ಟೀವ್ ಇರ್ವಿನ್ ತೀರಿಕೊಂಡದ್ದು ತೊರಕೆಯ ಬಾಲದ ಮುಳ್ಳು ಎದೆಗೆ ನೆಟ್ಟು. ಎದೆ, ಹೊಟ್ಟೆ, ಕುತ್ತಿಗೆಗೆ ನೆಟ್ಟ ಮುಳ್ಳನ್ನು ಕೀಳಬಾರದು, ನೇರ ಆಸ್ಪತ್ರೆಗೆ ಓಡಬೇಕು. ಉಸಿರಾಟದ ತೊಂದರೆ, ತಲೆಸುತ್ತು ಬಂದರೂ ಅಷ್ಟೇ. ಕೈಕಾಲಿಗೆ ಚುಚ್ಚಿದ್ದಾದರೂ ಡಾಕ್ಟರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ವಿಚಾರಿಸಿ, ಮುಳ್ಳಿನ ಚೂರು ಒಳಗುಳಿದಿದೆಯೇ ಎಂದು ನೋಡಿಸಬೇಕು. ಸಮುದ್ರದ ನೀರಿನ ಬ್ಯಾಕ್ಟೀರಿಯಾದ ಜಾತಿಯೇ ಬೇರೆ. ಅದಕ್ಕೆ ಕೊಡುವ ಆಂಟಿಬಯಾಟಿಕ್ ಕೂಡ ಬೇರೆಯಾಗಬಹುದು, ಆದ್ದರಿಂದ "ಸಮುದ್ರದಲ್ಲಿ ಆದ ಗಾಯ" ಎಂದು ಬಾಯಿಬಿಟ್ಟು ಹೇಳಬೇಕು.

ನನಗೆ ಆದದ್ದೂ ಅದೇ. ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಬೆರಳನ್ನು ಮೇಲಿಂದ ನೋಡಿ ಮಾತ್ರೆ ಕೊಟ್ಟು ಕಳಿಸಿದರು. ಊತ ಇಳಿಯಲಿಲ್ಲ. ಹನ್ನೆರಡನೇ ದಿನ ಇನ್ನೊಬ್ಬ ಡಾಕ್ಟರು ಅಲ್ಟ್ರಾಸೌಂಡ್ ಮಾಡಿಸಿದಾಗ ಮುಳ್ಳಿನ ತುದಿ ಒಳಗೇ ಕೂತಿತ್ತು. ಅಡ್ಮಿಟ್ ಮಾಡಿಕೊಂಡು ತೆಗೆದರು. ಆಮೇಲೆ ಆರು ವಾರ ಫಿಸಿಯೋಥೆರಪಿ. ಮೂವತ್ತು ವರ್ಷ ಬೇರೆಯವರ ಚೆಕ್ಕನ್ನು "ಸಹಿ ತಾಳೆಯಾಗುತ್ತಿಲ್ಲ" ಎಂದು ವಾಪಸ್ ಕಳಿಸಿದ ನನ್ನ ಸಹಿಯೇ ಈಗ ತಾಳೆಯಾಗಲಿಲ್ಲ! ಬೆರಳು ಪೂರ್ತಿ ಮಡಚಲು ಇವತ್ತಿಗೂ ಆಗುವುದಿಲ್ಲ.

ಇಷ್ಟರ ಮೇಲೆ ವಿಮೆಯವರು "ಸಾಹಸ ಕ್ರೀಡೆ, ಕ್ಲೇಮ್ ಇಲ್ಲ" ಎಂದು ಒಂದು ಸಾಲಿನ ಪತ್ರ ಕಳಿಸಿದರು. ಸಾಮಾನ್ಯರು ಇಲ್ಲಿಗೇ ಕೈಬಿಡುತ್ತಾರೆ. ನಾನು ಬ್ಯಾಂಕಿನವ, ಸಣ್ಣ ಅಕ್ಷರ ಓದುವುದೇ ಕಸುಬು. ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ವಿನಾಯಿತಿಗೆ ಒಂದು ಸಂಕೇತವಿದೆ, ಎಕ್ಸೆಲ್ 09. ಅದರಲ್ಲಿ ಸ್ಕೂಬಾ ಡೈವಿಂಗಿನ ಹೆಸರು ಇರುವುದು ನಿಜ. ಆದರೆ ಅದಕ್ಕೂ ಮೊದಲು ಇನ್ನೊಂದು ಮಾತಿದೆ: "ವೃತ್ತಿಪರರಾಗಿ" ಭಾಗವಹಿಸಿದ್ದರೆ. ಜೀವಮಾನದಲ್ಲಿ ಒಮ್ಮೆ ನೀರಿಗಿಳಿದ ಬ್ಯಾಂಕ್ ಗುಮಾಸ್ತ ಯಾವ ಲೆಕ್ಕದಲ್ಲಿ ವೃತ್ತಿಪರ? ಇದನ್ನೇ ಬರೆದು, ವಿಮಾ ಒಂಬುಡ್ಸ್‌ಮನ್ ಬಳಿ ಹೋಗುತ್ತೇನೆ ಅಂದೆ. ಹಣ ಬಂತು. ನಿಮ್ಮ ಪಾಲಿಸಿಯಲ್ಲಿ ಈ ಷರತ್ತಿನ ಒಕ್ಕಣೆ ಹೇಗಿದೆ ಎಂದು ಇವತ್ತೇ ತೆಗೆದು ನೋಡಿ. ಗ್ರೂಪ್ ಪಾಲಿಸಿಗಳಲ್ಲಿ ಬೇರೆ ಇರಬಹುದು.

ಇನ್ನು ಆ "ಎಲ್ಲ ಜವಾಬ್ದಾರಿ ನನ್ನದೇ" ಎಂಬ ಸಹಿ ಕಾಗದ. ಅದಕ್ಕೆ ಸಹಿ ಹಾಕಿದ ಮಾತ್ರಕ್ಕೆ ದೋಣಿಯವರ ಕರ್ತವ್ಯ ಮುಗಿಯಿತೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ "ಅನ್ಯಾಯದ ಕರಾರು" ಎಂಬ ಮಾತು ಸುಮ್ಮನೆ ಬಂದಿಲ್ಲ. ಮೀನು ಚುಚ್ಚಿದ್ದಕ್ಕೆ ದೋಣಿಯವನನ್ನು ದೂರುವ ಮೂರ್ಖ ನಾನಲ್ಲ. ಸಮುದ್ರ ಮೀನಿನ ಮನೆ, ನಾವು ಕರೆಯದೆ ಹೋದ ನೆಂಟರು. ಆದರೆ ಚುಚ್ಚಿದ ಮೇಲಿನ ಹತ್ತು ನಿಮಿಷ ಮೀನಿನದಲ್ಲ, ಮನುಷ್ಯರದು.

"ಸಾವಿರಕ್ಕೊಬ್ಬರಿಗೆ ಆಗೋದು, ಗಿರಾಕಿಗಳನ್ನು ಯಾಕೆ ಹೆದರಿಸ್ತೀರಿ?" ಅನ್ನುತ್ತಾರೆ ದಂಧೆಯವರು. ನಮ್ಮ ಶಾಖೆಯಲ್ಲಿ ಕೆಂಪು ಬಣ್ಣದ ಅಗ್ನಿಶಾಮಕ ಸಿಲಿಂಡರ್ ನೇತು ಹಾಕಿದ್ದಾರೆ. ನನ್ನ ಸರ್ವಿಸಿನಲ್ಲಿ ಒಮ್ಮೆಯೂ ಬಳಸಿಲ್ಲ. ಆದರೂ ಆಡಿಟರ್ ಬಂದರೆ ಮೊದಲು ನೋಡುವುದು ಅದರ ರೀಫಿಲ್ ತಾರೀಖು. ಅದನ್ನು ನೋಡಿ ಯಾವ ಗ್ರಾಹಕನೂ ಹೆದರಿ ಓಡಿಲ್ಲ.

ಇನ್ನೊಂದು ವಾದ: "ಕೊಂಕಣದ ಬಡ ಹುಡುಗರ ಹೊಟ್ಟೆ ಮೇಲೆ ಹೊಡೀಬೇಡಿ." ಈ ಮಾತಿಗೆ ನನಗೆ ಗೌರವವಿದೆ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನಿಗೆ ಊರಲ್ಲೇ ಕೆಲಸ ಸಿಗುವುದರ ಬೆಲೆ ಗೊತ್ತು. ಆದರೆ ಒಂದು ಫ್ಲಾಸ್ಕು, ಒಂದು ಚಿಮಟ, ಏನು ಮಾಡಬೇಕೆಂಬ ಒಂದು ಪುಟದ ಮರಾಠಿ ಸೂಚನೆ, ಇದರ ಖರ್ಚು ಒಬ್ಬ ಪ್ರವಾಸಿಯ ಟಿಕೆಟ್ಟಿನಷ್ಟೂ ಇಲ್ಲ. ಆ ಹುಡುಗರೂ ದಿನಾ ಅದೇ ನೀರಿನಲ್ಲಿ ಇಳಿಯುವವರು. ಮೊದಲು ಚುಚ್ಚುವುದು ಅವರಿಗೇ.

ಮಹಾರಾಷ್ಟ್ರದ ಮಾತಾಯಿತು, ನಮಗೇನು ಅನ್ನಬೇಡಿ. ಮೇ ರಜೆಗೆ ಊರಿಗೆ ಹೋದಾಗ ಮುರುಡೇಶ್ವರದಿಂದ ನೇತ್ರಾಣಿಗೆ ಮಕ್ಕಳನ್ನು ಕರೆದೊಯ್ಯುವವರು ನಾವೇ. ಅಲ್ಲಿಂದ ದಡ ಮಾಲ್ವಣದ ಹಾಗೆ ಕೂಗಳತೆಯಲ್ಲಿಲ್ಲ, ದೋಣಿಯಲ್ಲಿ ಗಂಟೆ ಹಿಡಿಯುವ ದಾರಿ. ಚಹಾದ ಪಾತೇಲಿ ಹಿಡಿದ ಆಜಿ ಸಮುದ್ರದ ನಡುವೆ ಸಿಗುವುದಿಲ್ಲ.

ಆದ್ದರಿಂದ ಸ್ನೇಹಿತರೇ, ಹೋಗಬೇಡಿ ಅನ್ನುವುದಿಲ್ಲ. ಖಂಡಿತಾ ಹೋಗಿ. ಕೆಳಗಿನ ಲೋಕ ನೋಡುವಂಥದ್ದೇ. ಆದರೆ ದುಡ್ಡು ಕೊಡುವ ಮೊದಲು ಎರಡೇ ಪ್ರಶ್ನೆ ಕೇಳಿ: ದೋಣಿಯಲ್ಲಿ ಬಿಸಿನೀರು ಇದೆಯೇ? ಮುಳ್ಳು ಚುಚ್ಚಿದರೆ ಏನು ಮಾಡುತ್ತೀರಿ? ಉತ್ತರ ಐಸು, ಹಗ್ಗ, ನಿಂಬೆಹಣ್ಣು ಅಂತ ಬಂದರೆ ಪಕ್ಕದ ದೋಣಿಗೆ ನಡೆಯಿರಿ. ಹತ್ತು ಜನ ಹೀಗೆ ನಡೆದರೆ ಹನ್ನೊಂದನೆಯವನಿಗೆ ಫ್ಲಾಸ್ಕು ತಾನಾಗಿಯೇ ಬರುತ್ತದೆ. ಗಿರಾಕಿ ಕೇಳದೆ ಯಾವ ಕೌಂಟರಿನಲ್ಲೂ ಏನೂ ಬದಲಾಗುವುದಿಲ್ಲ. ಮೂವತ್ತು ವರ್ಷ ಕೌಂಟರಿನ ಈಚೆ ಕಡೆ ಕೂತವನ ಮಾತಿದು, ನಂಬಿ.