ಚಿನ್ನದ ನಾಣ್ಯಕ್ಕೆ ವಯಸ್ಸೆಷ್ಟು?

ಗುಬ್ಬಿ ಕಡೆಯ ಹೊಲದಲ್ಲೋ, ಕುಣಿಗಲ್ ಕೆರೆಯ ಹೂಳಿನಲ್ಲೋ ರೋಮನ್ನರ ಕಾಲದ ಒಂದು ಚಿನ್ನದ ನಾಣ್ಯ ಸಿಕ್ಕಿತೆನ್ನಿ. ಅದರ ವಯಸ್ಸನ್ನು ಕಂಡುಹಿಡಿಯುವುದು ಹೇಗೆ? ತರಗತಿಯಲ್ಲಿ ಕೇಳಿದರೆ ‘ಕಾರ್ಬನ್ ಪರೀಕ್ಷೆ ಸಾರ್’ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಮರ, ಇದ್ದಿಲು, ಮೂಳೆ, ಕಾಳು ಮುಂತಾದ, ಒಮ್ಮೆ ಜೀವವಿದ್ದ ವಸ್ತುಗಳ ಮೇಲೆ. ಅವುಗಳಲ್ಲಿರುವ ಕಾರ್ಬನ್-14 ಸುಮಾರು 5,730 ವರ್ಷಗಳಲ್ಲಿ ಅರ್ಧಕ್ಕಿಳಿಯುತ್ತದೆ. ಚಿನ್ನದಲ್ಲಿ ಹಾಗೆ ಅಳೆಯಲು ಕಾರ್ಬನ್ನೇ ಇಲ್ಲ.

ಹಾಗಾದರೆ ನಾಣ್ಯವನ್ನೇ ಓದಬೇಕು. ರೋಮ್ ಚಕ್ರವರ್ತಿಗಳು ತಮ್ಮ ಮುಖ ಮತ್ತು ಹೆಸರಿನ ಜೊತೆಗೆ ಬಿರುದುಗಳನ್ನೂ ಅಚ್ಚು ಹಾಕಿಸುತ್ತಿದ್ದರು. ‘ಟಿಆರ್ ಪಿ’ ಎಂಬ ಅಕ್ಷರಗಳು ವರ್ಷಕ್ಕೊಮ್ಮೆ ನವೀಕರಣಗೊಳ್ಳುತ್ತಿದ್ದ ಒಂದು ಅಧಿಕಾರದ ಗುರುತು. ಪಕ್ಕದ ಅಂಕಿ ಅದು ಎಷ್ಟನೆಯ ವರ್ಷವೆಂದು ತಿಳಿಸುತ್ತದೆ. ಕ್ಲಾಡಿಯಸ್ ಚಕ್ರವರ್ತಿಗೆ ಈ ಅಧಿಕಾರ ಬಂದದ್ದು ಕ್ರಿ.ಶ. 41ರ ಜನವರಿಯಲ್ಲಿ. ಅವನ ನಾಣ್ಯದಲ್ಲಿ ಆರು ಎಂದಿದ್ದರೆ ಅದು 46ರ ಜನವರಿಗೂ 47ರ ಜನವರಿಗೂ ನಡುವೆ ಅಚ್ಚಾದದ್ದು. ಬೆರಳೆಣಿಸಿ ನೋಡಿ, 41 ಮೊದಲನೆಯ ವರ್ಷ!

ತೂಕವೂ ಸಾಕ್ಷಿ ಹೇಳುತ್ತದೆ. ನೀರೊ ಕಾಲದಲ್ಲಿ ಒಂದು ರೋಮನ್ ಪೌಂಡ್ ಚಿನ್ನದಿಂದ 45 ನಾಣ್ಯಗಳನ್ನು ಮಾಡತೊಡಗಿದರು. ನಾಲ್ಕನೆಯ ಶತಮಾನದ ಕಾನ್‌ಸ್ಟಂಟೈನ್ 72 ಮಾಡಿಸಿದ. ಅವನ ನಾಣ್ಯ ಸುಮಾರು ನಾಲ್ಕೂವರೆ ಗ್ರಾಂ ಮಾತ್ರ.

ಇಷ್ಟರಿಂದ ನಾಣ್ಯ ಹುಟ್ಟಿದ ಕಾಲ ತಿಳಿಯಿತು. ಅದು ನಮ್ಮ ಮಣ್ಣು ಸೇರಿದ್ದು ಯಾವಾಗ? ಇದಕ್ಕೆ ನೆರೆಯ ಚಿತ್ರದುರ್ಗಕ್ಕೆ ಹೋಗೋಣ. ಅಲ್ಲಿನ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ದೊರೆಯಿತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಆದ್ದರಿಂದ ನಾಣ್ಯವಿದ್ದ ಪದರ 14ಕ್ಕಿಂತ ಹಿಂದಿನದಾಗಲಾರದು. ನಾಣ್ಯ ಕೈಯಿಂದ ಕೈಗೆ ಓಡಾಡಿ ಹತ್ತಾರು ವರ್ಷಗಳ ನಂತರ ಮಣ್ಣಿಗೆ ಬಿದ್ದಿರಬಹುದು. ಅದು ಎಷ್ಟು ಸವೆದಿದೆ ಎಂಬುದರಿಂದ ಇದನ್ನು ಊಹಿಸುತ್ತಾರೆ. ಅಕ್ಷರವೇ ಇಲ್ಲದ ಮಡಕೆ ಚೂರುಗಳಿಗೂ ಕಾಲ ಗೊತ್ತುಮಾಡಲು ಇಂಥ ನಾಣ್ಯಗಳು ನೆರವಾದವು. ಅವು ಯಾವ ಪದರದಲ್ಲಿ, ಯಾವ ವಸ್ತುಗಳ ಜೊತೆಗಿದ್ದವು ಎಂದು ಬರೆದಿಟ್ಟದ್ದರಿಂದಲೇ ಇದು ಸಾಧ್ಯವಾಯಿತು.

ಆದ್ದರಿಂದ ವಿದ್ಯಾರ್ಥಿಗಳೇ, ಹಳೆಯ ನಾಣ್ಯ ಕಂಡರೆ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಸುತ್ತಲಿನ ಮಣ್ಣನ್ನು ಕೆದಕಬೇಡಿ. ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂದು ಬರೆದುಕೊಳ್ಳಿ. ತಂದೆತಾಯಿಯರಿಗೂ ಒಂದು ಮಾತು. ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕಟ್ಟಳೆ. ಅಕ್ಕಸಾಲಿಗರ ಮೂಸೆಗೆ ಹಾಕಿದರೆ ಉಳಿಯುವುದು ಕೆಲವು ಗ್ರಾಂ ಚಿನ್ನ. ನಮ್ಮ ಊರಿಗೂ ರೋಮ್‌ಗೂ ನಂಟಿತ್ತೇ ಎಂದು ಹೇಳಬಲ್ಲ ಸಾಕ್ಷಿ ಅಲ್ಲೇ ಕರಗಿಹೋಗುತ್ತದೆ.