ಬಟ್ಟಲಿನಲ್ಲಿ ಗೆದ್ದ ಮದ್ದು ರೋಗಿಯಲ್ಲಿ ಗೆದ್ದೀತೆ?

ವೈದ್ಯಶಾಸ್ತ್ರವು ನನ್ನ ಕ್ಷೇತ್ರವಲ್ಲ. ಲೆಕ್ಕಪತ್ರಗಳ ನಡುವೆ ದಿನ ಕಳೆಯುವವನು ನಾನು. ಆದರೆ ಚಿಕಿತ್ಸೆಗೆಂದು ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಸಲು ಬರುವ ಕುಟುಂಬಗಳನ್ನು ದಿನವೂ ಕಾಣುವ ವೃತ್ತಿ ನನ್ನದು. ಆದುದರಿಂದ ಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ ಒಂದು ಹೊಸ ಪರೀಕ್ಷಾವಿಧಾನದ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

2009ರಲ್ಲಿ ನೆದರ್‌ಲೆಂಡ್ಸ್ ದೇಶದ ಉಟ್ರೆಕ್ಟ್ ನಗರದಲ್ಲಿ ತೊಶಿರೊ ಸಾಟೊ, ಹಾನ್ಸ್ ಕ್ಲೆವರ್ಸ್ ಮತ್ತು ಅವರ ಸಂಗಡಿಗರು ಇಲಿಯ ಕರುಳಿನ ಒಂದೇ ಒಂದು ಕಾಂಡಕೋಶದಿಂದ, ಕರುಳಿನ ಒಳಪದರವನ್ನೇ ಹೋಲುವ ಪುಟ್ಟ ಅಂಗಾಂಶವನ್ನು ಪ್ರಯೋಗಶಾಲೆಯ ಬಟ್ಟಲಿನಲ್ಲಿ ಬೆಳೆಸಿದರು. ಇದಕ್ಕೆ ಆರ್ಗನಾಯ್ಡ್ ಎಂದು ಹೆಸರು. 2015ರಲ್ಲಿ ಇದೇ ವಿಧಾನದಿಂದ 20 ಮಂದಿ ರೋಗಿಗಳ ಗಡ್ಡೆಗಳ ಮಾದರಿಗಳನ್ನು ಬೆಳೆಸಿ ಕಾಯ್ದಿರಿಸಲಾಯಿತು. ಅಂಥ ಸಂಗ್ರಹಕ್ಕೂ 'ಬ್ಯಾಂಕ್' ಎಂದೇ ಹೆಸರಿರುವುದು ನಮ್ಮಂಥವರಿಗೆ ಸಂತೋಷದ ಸಂಗತಿ!

ಇದರ ಉಪಯುಕ್ತತೆ ನಿರ್ವಿವಾದ. ಒಂದು ಔಷಧ ಒಂದು ದಾರಿಯನ್ನು ಮುಚ್ಚಿದರೆ ಕ್ಯಾನ್ಸರಿನ ಜೀವಕೋಶ ಮತ್ತೊಂದು ದಾರಿಯನ್ನು ಹುಡುಕಿಕೊಳ್ಳುತ್ತದೆ. ಆದುದರಿಂದಲೇ ವೈದ್ಯರು ಔಷಧಗಳನ್ನು ಜೊತೆಗೂಡಿಸಿ ಕೊಡುತ್ತಾರೆ. ಹತ್ತಾರು ಜೋಡಿಗಳನ್ನು ಒಬ್ಬ ರೋಗಿಯ ಮೇಲೆ ಪ್ರಯೋಗಿಸಲಾಗದು. ಮಾದರಿಯ ಮೇಲೆ ಪ್ರಯೋಗಿಸಬಹುದು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 'ರಾಸ್' ಎಂಬ ಜೀನು ಕೆಟ್ಟಿದ್ದ ಗಡ್ಡೆಗಳ ಮೇಲೆ ಇಂಥ ಜೋಡಿಗಳನ್ನು ಪರೀಕ್ಷಿಸಿದಾಗ, ಅವು ಬೆಳವಣಿಗೆಯನ್ನು ತಡೆದವೇ ಹೊರತು ಜೀವಕೋಶಗಳನ್ನು ಬಹುಮಟ್ಟಿಗೆ ಕೊಲ್ಲಲಿಲ್ಲವೆಂಬುದು ತಿಳಿದುಬಂತು. ಇದು ಬೆಲೆಬಾಳುವ ಅರಿವು.

ಆದರೆ ಈ ಅರಿವನ್ನೇ ಭರವಸೆಯೆಂದು ರೋಗಿಗೆ ಮಾರಬಹುದೆ? ಕೂಡದೆಂಬುದು ನನ್ನ ಅಭಿಪ್ರಾಯ. 2019ರ ಒಂದು ಡಚ್ ಅಧ್ಯಯನದಲ್ಲಿ, ಇರಿನೋಟೆಕಾನ್ ಔಷಧವುಳ್ಳ ಚಿಕಿತ್ಸೆಯ ಫಲವನ್ನು ಮಾದರಿಗಳು ಶೇಕಡಾ 80ಕ್ಕೂ ಹೆಚ್ಚು ರೋಗಿಗಳಲ್ಲಿ ಸರಿಯಾಗಿ ಸೂಚಿಸಿದವು. ಬಹುವಾಗಿ ಬಳಕೆಯಲ್ಲಿರುವ ಫ್ಲೂರೋಯುರಾಸಿಲ್–ಆಕ್ಸಾಲಿಪ್ಲಾಟಿನ್ ಜೋಡಿಯ ಫಲವನ್ನು ಸೂಚಿಸಲಾರದೆ ಹೋದವು. 2021ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ 54 ರೋಗಿಗಳ ಪೈಕಿ 31 ಮಂದಿಯ ಮಾದರಿಗಳು ಮಾತ್ರ ಬೆಳೆದವು. ಮಾದರಿ ತೋರಿದ ಔಷಧವನ್ನು ಪಡೆದ 6 ಮಂದಿಯಲ್ಲಿ ಯಾರೊಬ್ಬರ ಗಡ್ಡೆಯೂ ಗಣನೀಯವಾಗಿ ಕುಗ್ಗಲಿಲ್ಲ.

ಕಾರಣ ಸ್ಪಷ್ಟ. ಬಟ್ಟಲಿನ ಗಡ್ಡೆಗೆ ರಕ್ತನಾಳಗಳಿಲ್ಲ, ರೋಗನಿರೋಧಕ ಕೋಶಗಳ ನೆರೆಹೊರೆಯಿಲ್ಲ, ಔಷಧವನ್ನು ಮಾರ್ಪಡಿಸುವ ಯಕೃತ್ತಿಲ್ಲ. ಎರಡು ಔಷಧಗಳ ವಿಷವನ್ನು ಒಮ್ಮೆಗೇ ತಾಳಬೇಕಾದವನು ರೋಗಿಯೇ ಹೊರತು ಬಟ್ಟಲಲ್ಲ. ವಾಣಿಜ್ಯಶಾಸ್ತ್ರ ಓದಿದವರೆಲ್ಲ ಬಲ್ಲರು: ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆಯೆಂಬುದು ಖಂಡಿತ, ತಾಳೆಯಾದ ಮಾತ್ರಕ್ಕೆ ಲೆಕ್ಕ ನಿರ್ದೋಷವೆಂದು ಹೇಳುವಂತಿಲ್ಲ.

ಸಂಶೋಧನೆ ಮುಂದುವರಿಯಲಿ, ಅದಕ್ಕೆ ಸರ್ಕಾರವೂ ದಾನಿಗಳೂ ಧಾರಾಳವಾಗಿ ಹಣ ನೀಡಲಿ. ಆದರೆ ಅದರ ವೆಚ್ಚವನ್ನು ಭಯಗ್ರಸ್ತ ಕುಟುಂಬದ ತಲೆಯ ಮೇಲೆ ಹೇರುವುದು ನ್ಯಾಯವಲ್ಲ. ಯಾರಾದರೂ ಇಂಥ ಪರೀಕ್ಷೆಗೆ ಹಣ ಕೇಳಿದರೆ, ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯಿರಿ: ಇದರಿಂದ ರೋಗಿಯ ಆಯುಸ್ಸು ಹೆಚ್ಚಿತೆಂದು ರೋಗಿಗಳಲ್ಲೇ ನಡೆದ ಪ್ರಯೋಗ ತೋರಿಸಿದೆಯೆ? ಫಲಿತಾಂಶ ಬರುವವರೆಗೆ ಚಿಕಿತ್ಸೆ ಕಾಯಬಹುದೆ? ಮಾದರಿ ಬೆಳೆಯದಿದ್ದರೆ ಮುಂದೇನು? ಸಾಲ ಕೊಡುವ ಮುನ್ನ ಬ್ಯಾಂಕು ಇಷ್ಟೂ ವಿಚಾರಿಸದೆ ಸಹಿ ಹಾಕದು. ಜೀವದ ವಿಷಯದಲ್ಲಿ ನಾವು ಅದಕ್ಕಿಂತ ಕಡಿಮೆ ವಿಚಾರಿಸಬೇಕೆ?